ಮೂರು ಗೆರೆಯ ಕಲ್ಲು

ಅಕ್ಟೋಬರ್ 28, ಸೋಮವಾರ. ಬೆಳಿಗ್ಗೆ 7.10

ಕೆರೆ ಏರಿ ಮೇಲೆ ಹೋಗಿ ಬಂದೆ. ಒಬ್ಬನೇ, ಎಂದಿನಂತೆ. ನೀರುಕಾಗೆ ಮೂವತ್ತನಾಲ್ಕು. ಮಿಂಚುಳ್ಳಿ ಒಂದು. ಸೂಳೆಕೆರೆ ಈ ವರ್ಷ ತುಂಬಿದೆ, ಆಚೆ ದಡವೇ ಕಾಣದು.

ರುದ್ರಾಣಿ ಸಪ್ಪೆ ಚಹಾ ಕುಡಿಯುತ್ತ ನನ್ನನ್ನೇ ದುರುಗುಟ್ಟಿ ನೋಡಿದಳು. ಶುಗರ್ ನಾನೇ ಅಂಟಿಸಿದ ಹಾಗೆ! ಖಾಲಿ ಹೊಟ್ಟೆಯಲ್ಲಿ 212. ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದಾರೆ — ದಿನಾ ಅರ್ಧ ಗಂಟೆ ವಾಕಿಂಗ್, ಇಲ್ಲವೆಂದರೆ ಹೊಸ ವರ್ಷದಿಂದ ಇಂಜೆಕ್ಷನ್. ಅವಳಿಗೆ ಸೂಜಿ ಎಂದರೆ ಪ್ರಾಣಭಯ. ನನಗೆ ಅದಕ್ಕಿಂತ ದೊಡ್ಡ ಭಯ. ಅವಳ ಅಮ್ಮನಿಗೂ ಇದೇ ಕಾಯಿಲೆ. ಮೊದಲು ಕಾಲು ಹೋಯಿತು, ಆಮೇಲೆ… ಬೇಡ.

"ಡಾಕ್ಟರು ನಡೀಬೇಕು ಅಂದಿದ್ದಾರೆ" ಎಂದೆ.

"ಕೆಲಸ ಇಲ್ದೆ ತಿರುಗಾಕೆ ನಾನೇನು ಬಿಡಾಡಿ ದನ ಏನ್ರಿ? ನೋಡ್ದೋರು ಏನಂದಾರು?"

ನವೆಂಬರ್ 5, ಮಂಗಳವಾರ

ಐಡಿಯಾ! ಕೆಲಸವಿಲ್ಲದೆ ನಡೆಯುವುದಿಲ್ಲ ತಾನೆ? ಕೆಲಸ ಹುಟ್ಟಿಸಿದರಾಯಿತು. "ಕೆರೆ ನಡಿಗೆ — ಪ್ರಕೃತಿ ಮತ್ತು ಪರಂಪರೆ. ಮಾರ್ಗದರ್ಶಕರು: ಷಣ್ಮುಖಪ್ಪ, ನಿವೃತ್ತ ಸಮಾಜ ವಿಜ್ಞಾನ ಶಿಕ್ಷಕರು." ಬರುವ ಭಾನುವಾರ. ಐದು ನಿಲ್ದಾಣ. ಮೇಷ್ಟ್ರ ಹೆಂಡತಿ ಬರದಿದ್ದರೆ ಜನ ಏನೆಂದುಕೊಳ್ಳುತ್ತಾರೆ? ಬಂದೇ ಬರುತ್ತಾಳೆ. ಪೋಸ್ಟರ್ ಮಾಡಿ ಊರಿನ ಗ್ರೂಪಿಗೆ ಹಾಕಿದೆ. ಅವಳಿಗೂ ವಾಟ್ಸಾಪ್ ಮಾಡಿದೆ. ಅಡಿಗೆಮನೆಯಿಂದಲೇ ಕೈಮುಗಿದ ಚಿತ್ರ ಕಳಿಸಿದಳು.

ನವೆಂಬರ್ 9, ಶನಿವಾರ. ಸಂಜೆ

ನಿಲ್ದಾಣಗಳಿಗೆ ಗುರುತು ಬೇಕಿತ್ತು. ತೂಬು ಎತ್ತಿ ಇಳಿಸುವ ನೀರಗಂಟಿ ಪಾಪಣ್ಣ ಅಡ್ಡ ಬಂದ. "ಪೇಂಟ್ ಗೀಂಟ್ ಹೊಡೀಬ್ಯಾಡ್ರಿ ಮೇಷ್ಟ್ರೆ. ಸಾಹೇಬ್ರು ನನ್ನ ಬೈತಾರೆ. ಒರೆಸಿದ್ರೆ ಹೋಗೋದು ಏನಾರ ಹಚ್ರಿ." ಚಾಕ್‌ಪೀಸ್ ಹುಡುಕಿದೆ. ಮೂವತ್ತನಾಲ್ಕು ವರ್ಷ ಪಾಠ ಹೇಳಿದವನ ಮನೆಯಲ್ಲಿ ಒಂದು ತುಂಡೂ ಇಲ್ಲ! ದೇವರ ಜಗುಲಿ ಮೇಲಿದ್ದ ವಿಭೂತಿ ಗಟ್ಟಿಯನ್ನೇ ಜೇಬಿಗೆ ಹಾಕಿಕೊಂಡು ಹೋದೆ. ಬೆಳ್ಳಗೆ ಚೆನ್ನಾಗಿ ಬರೆಯುತ್ತದೆ. ಮೊದಲ ನಿಲ್ದಾಣದ ಕಲ್ಲಿಗೆ ಒಂದು ಗೆರೆ, ಎರಡನೆಯದಕ್ಕೆ ಎರಡು, ಹೀಗೆ ಐದರವರೆಗೆ. ಮೂರನೆಯದು ಮಿಂಚುಳ್ಳಿ ಗೂಡು ತೋರಿಸುವ ಜಾಗ. ಅಲ್ಲಿ ಏರಿಯಿಂದ ಉರುಳಿ ಬಿದ್ದಿದ್ದ ಒಂದು ಗುಂಡುಕಲ್ಲನ್ನು ಎತ್ತಿ ನಿಲ್ಲಿಸಿದೆ. ಸೊಂಟ ಹಿಡಿಯಿತು.

ನವೆಂಬರ್ 10, ಭಾನುವಾರ

ಬಂದವರು ಏಳು. ರುದ್ರಾಣಿ ಬರಲಿಲ್ಲ. "ಉಪ್ಪಿಟ್ಟು ಕಟ್ಟಿ ಕೊಡ್ತೀನಿ, ಹೋಗ್ರಿ." ಅಷ್ಟೇ.

ಎರಡನೆಯ ನಿಲ್ದಾಣದಲ್ಲಿ ಶಾಂತವ್ವ ಕೆರೆ ಕಟ್ಟಿಸಿದ ಕಥೆ, ತೂಬಿನ ಕಲ್ಲುಗಳು, ಎಲ್ಲ ಸೇರಿ ಇಪ್ಪತ್ತೈದು ನಿಮಿಷ ಹೇಳಿದೆ. ಕಣ್ಣು ಬಿಟ್ಟು ನೋಡಿದರೆ ಎದುರಿಗೆ ಒಂದು ನಾಯಿ. ಜನವೆಲ್ಲ ಮೂರನೆಯ ಕಲ್ಲಿನ ಹತ್ತಿರ. ಕಲ್ಲಿಗೆ ಕುಂಕುಮ, ಚೆಂಡುಹೂವು, ಮುಂದೆ ಒಡೆದ ತೆಂಗಿನಕಾಯಿ! ಮೀನು ಮಾರುವ ಕರಿಬಸಮ್ಮ ನಸುಕಿನಲ್ಲೇ ನೋಡಿ ಪೂಜೆ ಮುಗಿಸಿದ್ದಾಳೆ.

"ಮೂರು ಪಟ್ಟೆ ತಾನಾಗೇ ಮೂಡ್ಯಾವೆ ಮೇಷ್ಟ್ರೆ! ನಿನ್ನೆ ಮಧ್ಯಾಹ್ನ ಈ ಸ್ವಾಮಿ ಇಲ್ಲಿ ಇರ್ಲಿಲ್ಲ."

ಹೇಳಲು ಬಾಯಿ ತೆರೆದೆ. ಪಾಪಣ್ಣ ಬಾಳೆಹಣ್ಣಿನ ಪ್ರಸಾದ ತುರುಕಿದ.

ಒಂದು ಗೆರೆಗೆ ಯಾರೂ ಕೈಮುಗಿಯಲಿಲ್ಲ. ಎರಡಕ್ಕೂ ಇಲ್ಲ. ನಾಲ್ಕು ಗೆರೆಯ ಕಲ್ಲಿನ ಮೇಲೆ ಯಾರೋ ಲುಂಗಿ ಒಣಹಾಕಿದ್ದರು.

ನವೆಂಬರ್ 11, ಸೋಮವಾರ. ಬೆಳಿಗ್ಗೆ 8

ಐದೂವರೆಗೆ ಯಾರೋ ಅಲುಗಾಡಿಸಿದರು. ರುದ್ರಾಣಿ! ತಲೆಗೆ ನೀರು ಹಾಕಿಕೊಂಡು, ತಟ್ಟೆಯಲ್ಲಿ ದಾಸವಾಳ ಇಟ್ಟುಕೊಂಡು ನಿಂತಿದ್ದಾಳೆ.

"ಏಳ್ರಿ. ಕಾರ್ತಿಕ ಸೋಮವಾರ. ಏರಿ ಮೇಲೆ ಸ್ವಾಮಿ ಎದ್ದಾನಂತೆ. ದಿನಾ ಬರ್ತೀನಿ ಅಂತ ಹರಕೆ ಹೊತ್ತೀನಿ."

ಹೋಗಿ ಬರಲು ಮೂವತ್ತೆಂಟು ನಿಮಿಷ. ಡಾಕ್ಟರು ಹೇಳಿದ್ದಕ್ಕಿಂತ ಎಂಟು ಹೆಚ್ಚು. ಮಕ್ಕಳಿಗೆ ಜೀವನವಿಡೀ ವೈಜ್ಞಾನಿಕ ಮನೋಭಾವ ಬೋಧಿಸಿದವನು ನಾನು. ಬಾಯಿ ಮುಚ್ಚಿಕೊಂಡು ತಟ್ಟೆ ಹಿಡಿದುಕೊಂಡೆ.

ನವೆಂಬರ್ 20, ಬುಧವಾರ

168!! ಇಬ್ಬರೂ ಚೀಟಿಯನ್ನು ಎರಡೆರಡು ಸಲ ಓದಿದೆವು. ಇವತ್ತು ಮಿಂಚುಳ್ಳಿಯನ್ನು ಮೊದಲು ಕಂಡವಳು ಅವಳೇ. ಗೂಡು ಎಲ್ಲಿ, ಮೊಟ್ಟೆ ಎಷ್ಟು ಎಂದು ಕೇಳಿದಳು. ನನಗೆ ಸುಖವಾಗಿದೆ, ಸುಳ್ಳೇಕೆ.

ಡಿಸೆಂಬರ್ 2, ಸೋಮವಾರ

ಗ್ರಹಚಾರ. ಪಾಪಣ್ಣ ಬಂದಿದ್ದ. ಏರಿಯಲ್ಲಿ ಎದ್ದಿರುವ ಕಲ್ಲನ್ನು ನೀರಾವರಿ ಇಲಾಖೆಯ ಇಂಜಿನಿಯರ್ ನೋಡಿಹೋದರಂತೆ. ಹಳೆಯದಾದರೆ ಇರಲಿ, ಇಲ್ಲವಾದರೆ ತೆಗೆಯಿರಿ ಎಂದರಂತೆ.

"ನೀವು ಇತಿಹಾಸ ಬಲ್ಲೋರು. ಹಳೇದು ಐತೆ ಅಂತ ಒಂದು ಸಾಲು ಬರ್ದು ಸೈನ್ ಹಾಕ್ರಿ, ಸಾಕು."

ಕಾಪಿ ಹೊಡೆದ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸಿದವನು ನಾನು. ಹಳೆಯದು ಎಂದು ಬರೆದರೆ ಸುಳ್ಳು. ನಿಜ ಬರೆದರೆ ಕಲ್ಲು ಹೋಗುತ್ತದೆ. ಕಲ್ಲು ಹೋದರೆ ಅವಳು ನಡೆಯುವುದಿಲ್ಲ, ನಡೆಯದಿದ್ದರೆ ಸೂಜಿ. ಬರೆದೆ, ಹರಿದೆ. ಬರೆದೆ, ಹರಿದೆ.

ಡಿಸೆಂಬರ್ 4, ಬುಧವಾರ. ಬೆಳಿಗ್ಗೆ

ಮೊದಲು ಅವಳಿಗೆ ಹೇಳಿಬಿಡೋಣ ಎಂದುಕೊಂಡೆ. ಕಲ್ಲಿನ ಮುಂದೆಯೇ ಶುರು ಮಾಡಿದೆ. "ರುದ್ರಾಣಿ, ಈ ಗೆರೆ ಇದೆಯಲ್ಲ…"

"ನೀವು ಎಳೆದಿದ್ದು. ಗೊತ್ತು."

ನಿನ್ನೆಯ ಹೂವು ತೆಗೆಯುತ್ತ ಮುಂದುವರಿಸಿದಳು.

"ವಿಭೂತಿ ಗಟ್ಟಿ ಅರ್ಧ ಸವೆದಿತ್ತು. ನಿಮ್ಮ ಅಂಗಿ ಜೇಬಿನ ತುಂಬ ಬೂದಿ. ಒಗೆಯೋಳು ಯಾರ್ರಿ?"

"ಮತ್ತೆ ದಿನಾ ಯಾಕೆ ಬಂದೆ?"

ಹೂವು ಇಡುತ್ತಲೇ ಹೇಳಿದಳು. "ದಿನಾ ನೀವೊಬ್ರೇ ಚಪ್ಪಲಿ ಮೆಟ್ಟಿ ಹೋಗ್ತಿದ್ರಿ. ಡಾಕ್ಟ್ರು ನಡೀಬೇಕು ಅಂದಾರೆ ಅಂದ್ರಿ. ಪೋಸ್ಟರ್ ಕಳಿಸಿದ್ರಿ, ಅದೂ ವಾಟ್ಸಾಪ್‌ನಾಗೆ! ನನ್ನ ಜೊತೆ ಬಾ ಅಂತ ಒಂದಿನ ಬಾಯಿಬಿಟ್ಟು ಕರೆದೀರೇನ್ರಿ? ಕರೀದೆ ನಾನು ಹೆಂಗೆ ಬರ್ಲಿ? ಸ್ವಾಮಿ ನೆವ ಸಿಕ್ತು, ಬಂದೆ."

ವಾಪಸ್ ಬರುವಾಗ ಹಕ್ಕಿ ಎಣಿಸಲಿಲ್ಲ. ನಾಚಿಕೆಯಾಗಿತ್ತು.

ಡಿಸೆಂಬರ್ 5, ಗುರುವಾರ

ನಿಜ ಬರೆದುಕೊಟ್ಟೆ. "ಸದರಿ ಗೆರೆಗಳು ನಾನೇ ಕೈಯಾರೆ ಎಳೆದವು." ಮಧ್ಯಾಹ್ನ ಕಲ್ಲು ಏರಿಯ ಸಾಲಿಗೆ ಮರಳಿತು. ಕರಿಬಸಮ್ಮ ಅರ್ಧ ಗಂಟೆ ನನಗೆ ಹಿಡಿಶಾಪ ಹಾಕಿದಳು. ಆಮೇಲೆ ಸೀದಾ ನಾಲ್ಕು ಗೆರೆಯ ಕಲ್ಲಿಗೆ ಹೋಗಿ ಸೆರಗಿನಿಂದ ಒಂದು ಗೆರೆ ಒರೆಸಿದಳಂತೆ.

ಡಿಸೆಂಬರ್ 6, ಶುಕ್ರವಾರ. ಬೆಳಿಗ್ಗೆ 5.40

ಇವತ್ತು ನನ್ನನ್ನು ಯಾರೂ ಅಲುಗಾಡಿಸಿ ಎಬ್ಬಿಸಲಿಲ್ಲ. ಅಡಿಗೆಮನೆಯಲ್ಲಿ ಪಾತ್ರೆ ಸದ್ದು, ಬೇಕಂತಲೇ ಜೋರಾಗಿ. ಬಾಗಿಲಲ್ಲಿ ನಿಂತು ಎರಡು ಸಲ ಕೆಮ್ಮಿದೆ. ತಿರುಗಲಿಲ್ಲ. "ನನ್ನ ಜೊತೆ… ಕೆರೆಗೆ…" ಎಂದೆ, ಮೆಲ್ಲಗೆ. ಮದುವೆಯ ದಿನವೂ ಇಷ್ಟು ಬೆವರಿರಲಿಲ್ಲ.

"ಕೇಳ್ಲಿಲ್ಲ. ಗಟ್ಟಿಯಾಗಿ ಅನ್ರಿ, ಪಕ್ಕದ ಮನೆಯೋರಿಗೂ ಕೇಳ್ಲಿ."

ಧೈರ್ಯಕ್ಕೆ ಇಲ್ಲಿ ಬಂದು ಕೂತು ಇಷ್ಟು ಬರೆದೆ. ಹೊರಗೆ ಅವಳ ಚಪ್ಪಲಿ ಸದ್ದು, ಆಗಲೇ ಮೆಟ್ಟಿಕೊಂಡಿದ್ದಾಳೆ. ಈಗ ಹೋಗಿ ಗಟ್ಟಿಯಾಗಿ —