ಓವನ್ನಿನ ಬಾಲದ ಕಡೆ ಅತ್ತಿಗೆ

ಮಾರ್ಚ್ 4, ಮಂಗಳವಾರ

ಮತ್ತೊಂದು ರೋಲ್ ಒಳಗೊಳಗೇ ಅಂಟಿಕೊಂಡಿದೆ. ಗೋದಾಮಿನಿಂದ ಸೂಪರ್‌ವೈಸರ್ ಬಂದು ಹೇಳಿದರು. ಬಟ್ಟೆಗೆ ಹಚ್ಚಿದ ಲೇಪ ಓವನ್ನಿನ ಬಿಸಿಗಾಳಿಯಲ್ಲಿ ಪೂರ್ತಿ ಒಣಗುವ ಮೊದಲೇ ಸುತ್ತಿದರೆ ಹೀಗೇ. ಪದರ ಬಿಡಿಸಲು ಹೋದರೆ ಲೇಪ ಕಿತ್ತುಬರುತ್ತದೆ.

ಓವನ್ನಿನ ಬಾಯಿಗೆ ಬಟ್ಟೆ ಬಿಡುವುದು ನಾನು. ಬಾಲದ ಕಡೆ ನಿಂತು, ಮುಟ್ಟಿ ನೋಡಿ, ಸುತ್ತಿಸುವುದು ಅತ್ತಿಗೆ. ಅವರು ಜ್ವರದಿಂದ ಎದ್ದು ಕೆಲಸಕ್ಕೆ ಬಂದ ಮೇಲೆ ಇದು ಎರಡನೆಯದು. ಅದಕ್ಕೆ ಮೊದಲು ಒಂದೂ ಇಲ್ಲ.

"ಇನ್ನೊಂದು ಹೀಗಾದ್ರೆ ಅವರನ್ನ ಪ್ಯಾಕಿಂಗಿಗೆ ಹಾಕ್ಬೇಕಾಗುತ್ತೆ," ಎಂದರು ಸೂಪರ್‌ವೈಸರ್, ನನ್ನೊಬ್ಬನಿಗೆ ಮಾತ್ರ ಕೇಳುವಂತೆ.

ಅತ್ತಿಗೆಗೆ ಹೇಳಲಿಲ್ಲ. ಈ ಕೆಲಸ ನನಗೆ ಕಲಿಸಿದ್ದೇ ಅವರು...

ಮಾರ್ಚ್ 5

ಯಾರಿಗೂ ಹೇಳದೆ ಬಟ್ಟೆಯ ವೇಗ ಇಳಿಸಿದೆ. ಬಿಸಿಯಲ್ಲಿ ಹೆಚ್ಚು ಹೊತ್ತಿದ್ದರೆ ಒಣಗದೆ ಎಲ್ಲಿ ಹೋಗುತ್ತದೆ ಎಂಬ ಲೆಕ್ಕ. ಒಣಗಿತು. ಹಳದಿಯೂ ಆಯಿತು. ಮಡಿಸಿದಲ್ಲೆಲ್ಲ ಬಿರುಕು.

ಅತ್ತಿಗೆ ಲೈನ್ ನಿಲ್ಲಿಸಿ, ಓವನ್ನಿನ ಉದ್ದಕ್ಕೂ ನಡೆದು ಬಂದರು.

"ವೇಗ ಇಳಿಸಿದ್ದು ಯಾರು? ದೆವ್ವಾನಾ?"

ವೇಗದ ಗುಂಡಿಯನ್ನು ಮೊದಲಿನ ಜಾಗಕ್ಕೆ ತಿರುಗಿಸಿದೆ.

"ನನಗೋಸ್ಕರ ಬಟ್ಟೆ ಸುಟ್ಟೆಯೇನೋ, ಪೆದ್ದ?" ಬೈಗುಳ ಅಲ್ಲಿಗೇ ನಿಂತಿತು. ಕೈ ಚಾಚಿದರು. "ಬೆರಳು ಮರಗಟ್ಟಿವೆ ಕಣೋ. ಜ್ವರ ಬಿಟ್ಟಾಗಿಂದ. ನಿಧಾನಕ್ಕೆ ಸರಿಹೋಗುತ್ತೆ ಅಂತಾರೆ ಡಾಕ್ಟ್ರು. ಪ್ಯಾಕಿಂಗ್ ಮಾತು ನನ್ನ ಕಿವಿಗೂ ಬಿದ್ದಿದೆ. ಅಲ್ಲೀವರೆಗೂ ಡಬ್ಬಕ್ಕೆ ಟೇಪ್ ಹಚ್ಕೊಂಡು ಕೂರಲಾ?"

ಇಬ್ಬರೂ ಹೋಗಿ ಸೂಪರ್‌ವೈಸರ್‌ಗೆ ಇದ್ದದ್ದು ಇದ್ದಂತೆ ಹೇಳಿದೆವು. ಬೈದರು — ನನಗೆ. ಸೋಮವಾರ ಅತ್ತಿಗೆಗೆ ಪರೀಕ್ಷೆ. ಹಸಿ, ಒಣ ಎರಡೂ ಬೆರೆಸಿದ ತುಂಡುಗಳು. ಕಣ್ಣು ಮುಚ್ಚಿ ಹೇಳಬೇಕು.

ಮಾರ್ಚ್ 9, ಭಾನುವಾರ

ಮನೆಯಲ್ಲಿ ಅಭ್ಯಾಸ. ಚೂರುಗಳನ್ನು ಕೇಳಿಯೇ ತಂದಿದ್ದೆ. ಅಂಗೈ — ಇಲ್ಲ. ಮಣಿಕಟ್ಟು — ಅನುಮಾನ. ಅತ್ತಿಗೆ ಕಣ್ಣು ಮುಚ್ಚಿಯೇ ಕೂತಿದ್ದರು, ತುಟಿ ಬಿಗಿದುಕೊಂಡು. ನಗಿಸೋಣವೆಂದು ಅಣ್ಣ ಒಂದು ಚೂರನ್ನು ಹೆಂಡತಿಯ ಕೆನ್ನೆಗೆ ಒತ್ತಿದ.

"ಥೂ, ತೆಗೀರಿ ಆಚೆ, ಹಸಿ ಇದೆ!"

ಅಣ್ಣ ನನ್ನ ಮುಖ ನೋಡಿದ. ಇನ್ನೊಂದು ಇಟ್ಟ.

"ಜಾರುತ್ತೆ. ಒಣಗಿದೆ."

ಮತ್ತೊಂದು.

"ಹಿಡ್ಕೊಳ್ಳುತ್ತೆ. ಹಸಿ."

"ಇಷ್ಟು ವರ್ಷ ಈ ಕೆನ್ನೆ ಮುದ್ದಿಗೆ ಮಾತ್ರ ಅಂದ್ಕೊಂಡಿದ್ದೆ," ಎಂದ ಅಣ್ಣ.

"ತಮ್ಮನ ಮುಂದೆ ಆಡೋ ಮಾತಾ ಅದು!" ಅತ್ತಿಗೆ ಚೂರುಗಳನ್ನೆಲ್ಲ ಬಾಚಿ ಅವನ ಮೇಲೆ ಎಸೆದರು. ಹೆಕ್ಕುವುದು ನನ್ನ ಪಾಲಿಗೆ ಬಂತು.

ಮಾರ್ಚ್ 10, ಸೋಮವಾರ

ಎಲ್ಲ ತುಂಡೂ ಸರಿ. ಸೂಪರ್‌ವೈಸರ್ ತಾವೂ ಒಂದನ್ನು ಕೆನ್ನೆಗೆ ಒತ್ತಿಕೊಂಡರು. "ನನಗೇನೂ ಗೊತ್ತಾಗಲ್ವಲ್ಲಮ್ಮ?"

"ಗಡ್ಡ ತೆಗೆಸಿ ಬನ್ನಿ ಸಾರ್."

ಅತ್ತಿಗೆ ಅಲ್ಲೇ ಉಳಿಯುತ್ತಾರೆ. ಒಂದು ಶರತ್ತು: ಓಡುವ ಬಟ್ಟೆಯ ಹತ್ತಿರ ಮುಖ ಒಯ್ಯುವಂತಿಲ್ಲ. ಲೈನ್ ನಿಲ್ಲಿಸಿ, ಕತ್ತರಿಸಿ, ಬಿಸಿ ಆರಿದ ತುಂಡು ಮಾತ್ರ.

ಕೆಲಸ ಬಿಟ್ಟು ಹೊರಡುವಾಗ ಗೇಟಿನ ಬಳಿ ನನ್ನ ತಲೆಗೊಂದು ಮೊಟಕಿದರು. ಬಟ್ಟೆ ಸುಟ್ಟದ್ದಕ್ಕಂತೆ.

"ನೋವಾಯ್ತಾ?"

"ಹೂಂ."

"ನನಗೂ ಗೊತ್ತಾಯ್ತು ಕಣೋ. ಒಂಚೂರು." ಬೆರಳುಗಳನ್ನು ನೋಡಿಕೊಂಡರು.

ನಾಳೆ ಎಂಟಕ್ಕೆ ಓವನ್ ಶುರು. ವೇಗ ಮೊದಲಿನದೇ. ಬಾಯಿ ಕಡೆ ನಾನು. ಬಾಲದ ಕಡೆ —