ಕೋಡುಬಳೆ ಬಾಜಿ

ಸೆಪ್ಟೆಂಬರ್ 13, ಶನಿವಾರ. ರಾತ್ರಿ 8.30

ಇಸ್ತ್ರಿ ಮುಗೀತು. ವಾರಕ್ಕೆ ಐದು ಶರ್ಟು. ಕೆಳಗೆ ಇನ್ನೂ ಗಲಾಟೆ.

ಶನಿವಾರ ಸಂಜೆ ಐದಾದರೆ ಸಾಕು, ಟಿವಿ ಅಶ್ವಿನನದು. ನನ್ನ ಹೆಂಡತಿ ವಿನೋದಿನಿಯ ತಮ್ಮ. ಅಮೆರಿಕದಲ್ಲಿ ಓದಿ ಅಲ್ಲೇ ಇರುವವನು. ಆಫೀಸಿನವರು ನಾಲ್ಕು ತಿಂಗಳಿಗೆ ಇಲ್ಲಿ ಡಬ್ಲಿನ್ನಿನ ಲೆಪರ್ಡ್ಸ್‌ಟೌನಿಗೆ ಕಳಿಸಿದ್ದಾರೆ. ಅಕ್ಕನ ಮನೆ ಕ್ಯಾಸಲ್‌ನಾಕ್‌ನಲ್ಲೇ ಇರುವಾಗ ಬಾಡಿಗೆ ಯಾಕೆ ಅಂದವನು ನಾನೇ. ಅವನು ಓದಿದ ಕಾಲೇಜಿಗೊಂದು ಫುಟ್‌ಬಾಲ್ ಟೀಮ್, ಹೆರನ್ಸ್ ಅಂತ ಹೆಸರು. ಫುಟ್‌ಬಾಲ್ ಅಂದರೆ ಹೆಲ್ಮೆಟ್ ಹಾಕಿಕೊಂಡು ಚೆಂಡು ಕೈಯಲ್ಲಿ ಹಿಡಿದು ಓಡೋದು. ಪಕ್ಕದಲ್ಲಿ ಮಾನ್ಯಾ. ನನ್ನ ಮಗಳು, ಹದಿಮೂರು ವರ್ಷ. ಹೋದ ವರ್ಷ ಇದೇ ಸೋಫಾದಲ್ಲಿ ನನ್ನ ಜೊತೆ ಕ್ರಿಕೆಟ್ ನೋಡ್ತಿದ್ದಳು.

ಸಾಲದ್ದಕ್ಕೆ ಬಾಜಿ. ದುಡ್ಡಿಟ್ಟು ಆಡಿದರೆ ಇಬ್ಬರನ್ನೂ ಹೊರಗೆ ಹಾಕ್ತೀನಿ ಅಂದಳು ವಿನೋದಿನಿ. ಅದಕ್ಕೆ ಕೋಡುಬಳೆ. ಅಶ್ವಿನ್ ಬೆಂಗಳೂರಿನ ಮೇಲೆ ಬರುವಾಗ ಅತ್ತೆ ಕೊಟ್ಟು ಕಳಿಸಿದ ದೊಡ್ಡ ಡಬ್ಬಿ.

ಇವತ್ತು ನೀರು ಕುಡಿಯೋಕೆ ಕೆಳಗಿಳಿದೆ. ಆಟ ಮುಗಿದಿತ್ತು. ಹೆರನ್ಸ್ 27, ಎದುರಾಳಿ 24. ಗೆದ್ದರಲ್ಲ, ಶಾಬಾಶ್ ಅಂದೆ. ಮಾನ್ಯಾ ನನ್ನ ಕಡೆ ನೋಡಿ, "ಅಪ್ಪ, ವೀ ಲಾಸ್ಟ್" ಅಂದಳು. ಇಬ್ಬರೂ ನಕ್ಕರು. ಏಳೂವರೆ ಅಂತೆ, ಸ್ಪ್ರೆಡ್ ಅಂತೆ. ಗೆದ್ದ ಟೀಮಿನ ಮೇಲೆ ಕಟ್ಟಿದವರು ಸೋಲೋದು ಹೇಗೆ? ಕೇಳಲಿಲ್ಲ. ನೀರನ್ನೂ ಕುಡಿಯದೆ ಮೇಲೆ ಬಂದೆ.

ಸೆಪ್ಟೆಂಬರ್ 20, ಶನಿವಾರ

ಮೆಟ್ಟಿಲ ಮೇಲೆ ನಿಂತು ಕೇಳಿಸಿಕೊಂಡೆ. ನಾಚಿಕೆಗೇಡು. ಆದರೂ ಕೇಳಿಸಿಕೊಂಡೆ.

ಅಶ್ವಿನನ ರೂಲು: ಬಾಜಿ ಕನ್ನಡದಲ್ಲಿ ಹೇಳಿದರೆ ಮಾತ್ರ ಲೆಕ್ಕಕ್ಕೆ. "ಮಾಮ, ನಂದು ಹೆರನ್ಸ್. ಎರಡು ಕೋಡುಬಳೆ. ಜಾಸ್ತಿಲಿ ಗೆಲ್ತಾರೆ." ಡಬ್ಲಿನ್ ಎಳೆತ, ತಪ್ಪು ಒತ್ತು, ಆದರೂ ಕನ್ನಡ. ನಾನು ಇಷ್ಟು ವರ್ಷ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಲ್ಲಿ ಉತ್ತರ ಕೊಟ್ಟವಳು. ಊಟ ಆಯ್ತಾ ಅಂದರೆ ಗ್ರ್ಯಾಂಡ್, ಇಲ್ಲಿಯವರ 'ಎಲ್ಲಾ ಸರಿ'. ಸ್ಕೂಲ್ ಹೇಗಿತ್ತು ಅಂದರೂ ಗ್ರ್ಯಾಂಡ್.

ಹೊಟ್ಟೆಕಿಚ್ಚು. ಬೇರೆ ಹೆಸರಿಲ್ಲ ಇದಕ್ಕೆ.

ಸೆಪ್ಟೆಂಬರ್ 27, ಶನಿವಾರ. ಆಸ್ಪತ್ರೆ, ಸಂಜೆ 5.10

ಶನಿವಾರದ ಆನ್‌ಕಾಲ್ ಯಾರಿಗೂ ಬೇಡ. ನಾನಾಗಿ ಕೇಳಿ ತಗೊಂಡೆ. ಮನೆಯಲ್ಲಿ, ರೋಸ್ಟರ್‌ನಲ್ಲಿ ಹಾಕಿಬಿಟ್ಟಿದ್ದಾರೆ ಅಂದೆ.

ಒಂದು ಅಪೆಂಡಿಕ್ಸ್‌ಗೆ ಅರಿವಳಿಕೆ ಕೊಟ್ಟು ಈಗ ಕೂತಿದ್ದೇನೆ. ಅಲ್ಲಿ ಆಟ ಶುರುವಾಗಿರುತ್ತೆ.

ಅಕ್ಟೋಬರ್ 5, ಭಾನುವಾರ

ನಿನ್ನೆಯೂ ಡ್ಯೂಟಿ. ಅದೂ ಕೇಳಿ ತಗೊಂಡಿದ್ದೇ.

ಬೆಳಿಗ್ಗೆ ಫೀನಿಕ್ಸ್ ಪಾರ್ಕಿನಲ್ಲಿ ಗುಲಾಮ್ ನಬಿ ಜೊತೆ ವಾಕಿಂಗ್. ಕಲಬುರಗಿಯವರು, ಇನ್ಶೂರೆನ್ಸ್ ಕಂಪನಿಯಲ್ಲಿ ಅಪಾಯದ ಲೆಕ್ಕ ಹಾಕುವ ಕೆಲಸ. ಈ ಸ್ಪ್ರೆಡ್ ಅಂದರೇನು ಅಂತ ಸಂಕೋಚದಿಂದಲೇ ಕೇಳಿದೆ. ಅವರು ನಿಂತುಬಿಟ್ಟರು.

"ಬಾಜಿ ಕಟ್ಟೂದು ನಮ್ಮಲ್ಲಿ ಹರಾಮ್ ರೀ ಡಾಕ್ಟರ್ ಸಾಹೇಬ್ರ. ಲೆಕ್ಕ ಹರಾಮ್ ಅಲ್ಲ. ಕೇಳ್ರಿ."

ಜಿಂಕೆ ನೋಡುವ ಬೆಂಚಿನ ಮೇಲೆ ಅರ್ಧ ಗಂಟೆ ಪಾಠ. ಯಾರು ಗೆಲ್ತಾರೆ ಅಂತಷ್ಟೇ ಹೇಳೋದು ಮನಿಲೈನ್. ಬಲವಾದ ಟೀಮ್ ಹೇಗೂ ಗೆಲ್ಲುತ್ತೆ, ಅದರ ಮೇಲೆ ಕಟ್ಟಿ ಸಿಗೋದು ಪುಡಿಗಾಸು. ಅದಕ್ಕೇ ಸ್ಪ್ರೆಡ್: ಬಲವಾದವರ ತಲೆ ಮೇಲೆ ಏಳೂವರೆ ಪಾಯಿಂಟಿನ ಭಾರ ಇಡೋದು. ಎಂಟರಿಂದ ಗೆದ್ದರೆ ಗೆಲುವು, ಮೂರರಿಂದ ಗೆದ್ದರೆ ಸೋಲು. ಓ, ಹಾಗೆ. ಎರಡೂ ಟೀಮಿನ ಪಾಯಿಂಟ್ ಕೂಡಿಸಿ ಇಷ್ಟಕ್ಕಿಂತ ಜಾಸ್ತಿಯೋ ಕಮ್ಮಿಯೋ ಅನ್ನೋದು ಓವರ್-ಅಂಡರ್, ಅಲ್ಲಿ ಯಾರು ಗೆದ್ದರೂ ಒಂದೇ. ನಾಲ್ಕೈದು ಬಾಜಿ ಒಟ್ಟಿಗೆ ಕಟ್ಟೋದು ಪಾರ್ಲೆ, ಒಂದು ತಪ್ಪಿದರೂ ಎಲ್ಲ ಹೋಯ್ತು. ಕೊನೆಗೆ ಪ್ರಾಪ್. ಮೊದಲು ಯಾರು ಬೀಳ್ತಾರೆ, ಕೋಚ್ ಟೋಪಿ ತೆಗೀತಾನಾ... ಸೋಲು ಗೆಲುವಿಗೆ ಸಂಬಂಧವೇ ಇಲ್ಲದ ಬಾಜಿ.

ಯಾಕೆ ಕಲೀಲಿಕ್ಹತ್ತೀರಿ ಅಂತ ಕೇಳಿದರು. ಸುಮ್ಮನೆ ಅಂದೆ. ನಂಬಲಿಲ್ಲ.

ಅಕ್ಟೋಬರ್ 11, ಶನಿವಾರ. ಸಂಜೆ 6

ಡ್ಯೂಟಿ ಇಲ್ಲ. ಕೆಳಗೆ ಹೋಗಿ ಕೂತು ಓವರ್-ಅಂಡರ್ ಬಗ್ಗೆ ಒಂದು ಮಾತು ಉದುರಿಸಬೇಕು ಅಂತಿದ್ದೆ. ಕಾಲು ಏಳಲಿಲ್ಲ. ಅವರ ನಡುವೆ ನಾನು ಎಲ್ಲಿ ಕೂರಲಿ? ಪಕ್ಕದ ಕುರ್ಚಿ ಮೇಲಾ, ನೆಂಟನ ಹಾಗೆ?

ಐದಕ್ಕೆ ಹತ್ತು ನಿಮಿಷ ಇದ್ದಾಗ ಮಾನ್ಯಾ ಬಾಗಿಲಲ್ಲಿ ನಿಂತಳು. "ಆರ್ ಯೂ ಬಿಸಿ?" ಆಸ್ಪತ್ರೆಯ ಆಡಿಟ್ ಇದೆ ಅಂದೆ. ಸ್ವಲ್ಪ ಹೊತ್ತು ನಿಂತೇ ಇದ್ದಳು. ಆಮೇಲೆ ನನ್ನ ಫೋನಿನ ಚಾರ್ಜರ್ ಕಿತ್ತುಕೊಂಡು ಹೋದಳು. ಅದಕ್ಕೇ ಬಂದಿದ್ದು ಅಂತ ಕಾಣುತ್ತೆ.

ಅಕ್ಟೋಬರ್ 19, ಭಾನುವಾರ

ನಿನ್ನೆ ಡ್ಯೂಟಿ ಅಂತ ಹೇಳಿ ಹೊರಟೆ. ಡ್ಯೂಟಿ ಇರಲಿಲ್ಲ. ಪಾರ್ಕಿನಲ್ಲಿ ಕಾರು ನಿಲ್ಲಿಸಿ ಸೀಟು ಹಿಂದಕ್ಕೆ ಮಾಡಿ ಫೋನಿನಲ್ಲಿ ಹೆರನ್ಸ್ ಸ್ಕೋರು ನೋಡ್ತಾ ಮೂರು ಗಂಟೆ. ನಲವತ್ತೇಳು ವರ್ಷದ ಗಂಡಸು. ಭಾವಮೈದನಿಗೆ ಹೆದರಿ.

ಹೆರನ್ಸ್ ಹನ್ನೊಂದರಿಂದ ಗೆದ್ದರು. ಮಾನ್ಯಾ ಗೆದ್ದಿರುತ್ತಾಳೆ ಅಂತ ಖುಷಿಯಾಯ್ತು. ಅವಳು ಆ ಖುಷಿಯಲ್ಲಿ ಯಾರ ಕೈ ತಟ್ಟಿರುತ್ತಾಳೆ ಅಂತ ನೆನೆದು ಅದೂ ಹೋಯ್ತು.

ಅಕ್ಟೋಬರ್ 29, ಬುಧವಾರ

ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಇಟ್ಟಾಯ್ತು. ಓವನ್, ಕಾರು ಎಲ್ಲ. ಐದಕ್ಕೇ ಕತ್ತಲು.

ತಿಂಡಿ ಹೊತ್ತಿಗೆ, ಅಶ್ವಿನ್ ಸ್ನಾನಕ್ಕೆ ಹೋಗಿದ್ದಾಗ, ಈ ವಾರ ಸ್ಪ್ರೆಡ್ ಎಷ್ಟು ಅಂತ ಮಾನ್ಯಾಳನ್ನ ಕೇಳಿದೆ. ಚಮಚ ನಿಂತಿತು.

"ಫೋರ್ ಅಂಡ್ ಅ ಹಾಫ್." ಆಮೇಲೆ, "ಯಾಕೆ?"

ಒಂದೇ ಒಂದು ಕನ್ನಡ ಪದ. ಅದನ್ನ ಇಡೀ ದಿನ ಆಪರೇಷನ್ ಥಿಯೇಟರಿನಲ್ಲಿ ನೆನೆಸಿಕೊಂಡೆ. ಶನಿವಾರದ ಆನ್‌ಕಾಲ್ ಜೊತೆಗೆ ಕೆಲಸ ಮಾಡುವ ನಂದೀಶನಿಗೆ ಕೊಟ್ಟು ಬೆಳಗಿನ ಆಪರೇಷನ್ ಲಿಸ್ಟ್ ಮಾತ್ರ ಇಟ್ಟುಕೊಂಡೆ. ಐದಕ್ಕೆ ಸರಿಯಾಗಿ ಸೋಫಾದಲ್ಲಿ ಇರ್ತೀನಿ. ಯಾರಿಗೂ ಹೇಳಿಲ್ಲ.

ನವೆಂಬರ್ 1, ಶನಿವಾರ. ಸಂಜೆ 5.20

ಬೆಳಿಗ್ಗೆಯಿಂದ ಫೋನ್ ತುಂಬ ರಾಜ್ಯೋತ್ಸವದ ಬಾವುಟ. ಲಿಸ್ಟ್ ಮುಗಿಸಿ, ಎರಡು ಪ್ಯಾಕೆಟ್ ಚಿಪ್ಸ್ ತಗೊಂಡು, ಐದಕ್ಕೆ ಐದು ನಿಮಿಷ ಇರುವಾಗಲೇ ಮನೆಗೆ ಬಂದೆ.

ಆಟ ಅರ್ಧಕ್ಕೆ ಬಂದಿತ್ತು. ಹೆರನ್ಸ್ 14, ಎದುರಾಳಿ 10. ಅಶ್ವಿನನ ತೊಡೆ ಮೇಲೆ ಡಬ್ಬಿ. ಮಾನ್ಯಾ ನನ್ನ ಕಡೆ ತಿರುಗಲೂ ಇಲ್ಲ.

ಶುರು ಮಾಡಿಬಿಟ್ಟಿದ್ದಾರೆ. ನಾನು ಸ್ಪ್ರೆಡ್ ಕೇಳಿದ್ದು ಅವಳು ಹೇಳಿರ್ತಾಳೆ, ಇಬ್ಬರೂ ನಕ್ಕಿರ್ತಾರೆ. "ಭಾವ, ಇವತ್ತು ಟೈಮು..." ಅಂತ ಅಶ್ವಿನ್ ಏನೋ ಶುರು ಮಾಡಿದ. ಕೇಳಿಸಿಕೊಳ್ಳಲಿಲ್ಲ. ಚಿಪ್ಸ್ ಮೇಜಿನ ಮೇಲೆ ಎಸೆದು ಮೇಲೆ ಬಂದೆ. ಬಾಗಿಲು ಸ್ವಲ್ಪ ಜೋರಾಗೇ ಹಾಕಿದೆ.

ನವೆಂಬರ್ 2, ಭಾನುವಾರ

ಬರೆಯೋಕೆ ಕಷ್ಟ.

ವಿನೋದಿನಿ ಬೆಳಿಗ್ಗೆ ಬೈದಳು. ಅಮೆರಿಕದವರು ಗಡಿಯಾರ ಬದಲಾಯಿಸೋದು ಇವತ್ತು, ನಮಗಿಂತ ಒಂದು ವಾರ ತಡವಾಗಿ. ಹಾಗಾಗಿ ನಿನ್ನೆ ಒಂದು ಶನಿವಾರ ಮಾತ್ರ ಆಟ ನಾಲ್ಕಕ್ಕೆ ಶುರು. ಹನ್ನೊಂದು ವರ್ಷದಿಂದ ಇಲ್ಲಿದ್ದೀನಿ, ಗೊತ್ತಿರಲಿಲ್ಲ.

ಆಮೇಲೆ ಸೋಫಾದ ಸಂದಿಯಲ್ಲಿ ಅವರ ಬಾಜಿ ಪುಸ್ತಕ ಸಿಕ್ಕಿತು. ಎಡಗಡೆ ಹೆರನ್ಸ್ ಲೆಕ್ಕ. ಬಲಗಡೆ ಪ್ರಾಪ್. ಮಾನ್ಯಾಳ ಕೈಬರಹ, ಇಂಗ್ಲಿಷಲ್ಲಿ. ಬಾಜಿ ಒಂದೇ, ಪ್ರತಿ ವಾರ ಅದೇ: ಆಟ ಶುರುವಾಗುವಾಗ ಅಪ್ಪ ಸೋಫಾದಲ್ಲಿ ಇರ್ತಾನಾ?

ಸೆಪ್ಟೆಂಬರ್ 20ರಿಂದ ಏಳು ಶನಿವಾರ. ಮಾಮ: ಇಲ್ಲ. ಮಾನ್ಯಾ: ಹೌದು. ಏಳು ಸಲವೂ ಹೌದು. ಏಳು ಸಲವೂ ಸೋಲು. ಅಕ್ಟೋಬರ್ 11ರ ಪಕ್ಕ ಚಿಕ್ಕದಾಗಿ — ಕರೆಯೋಕೆ ಹೋದೆ, ಆಡಿಟ್ ಇತ್ತು. ಅಕ್ಟೋಬರ್ 18ರ ಪಕ್ಕ — ಪಾಪ, ಡ್ಯೂಟಿ. ನಿನ್ನೆಯದರ ಪಕ್ಕ — ಇರೋದೆಲ್ಲ. ಈ ಸಲ ಖಂಡಿತ ಬರ್ತಾನೆ. ಸ್ಪ್ರೆಡ್ ಕೇಳಿದ.

ಅವಳು ಗೆದ್ದ ಕೋಡುಬಳೆ ಪೂರ್ತಿ ನನ್ನ ಮೇಲೆ ಕಟ್ಟಿ ಕಳೆದಿದ್ದಾಳೆ. ನಾನು ಅತ್ತಿದ್ದು ಎಷ್ಟು ವರ್ಷದ ಮೇಲೋ. ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು.

ನವೆಂಬರ್ 8, ಶನಿವಾರ. ಸಂಜೆ 4.35

ವಾರವೆಲ್ಲ ಗ್ರ್ಯಾಂಡ್ ಬಿಟ್ಟು ಬೇರೆ ಮಾತಾಡಿಲ್ಲ ಅವಳು. ಕ್ಷಮಿಸು ಅಂದೆ. "ಇಟ್ಸ್ ಗ್ರ್ಯಾಂಡ್, ಅಪ್ಪ."

ಆಟ ಐದಕ್ಕೇ. ಅಶ್ವಿನನನ್ನ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡೆ.

ಈಗ ಕೆಳಗಿಳಿದು ಪುಸ್ತಕ ನೋಡಿ ಬಂದೆ. ಇವತ್ತಿನ ಸಾಲು ಎಳೆದಾಗಿದೆ. ಮಾಮ: ಇಲ್ಲ. ಮಾನ್ಯಾ: ಏನೂ ಬರೆದಿಲ್ಲ. ಏಳು ವಾರ ಸೋತವಳು, ಅವಳದೇನು ತಪ್ಪು. ಆದರೂ ಆ ಖಾಲಿ ಜಾಗ ನೋಡೋಕಾಗಲಿಲ್ಲ. ಪೆನ್ ತಗೊಂಡು ಬರೆದೆ, ಕನ್ನಡದಲ್ಲಿ. ಅಪ್ಪ: ಹೌದು. ನನ್ನ ಹತ್ತಿರ ಕೋಡುಬಳೆ ಎಲ್ಲಿದೆ? ಸೋತರೆ ಅಶ್ವಿನನ ಐದು ಶರ್ಟಿಗೂ ಇಸ್ತ್ರಿ, ಅವನು ವಾಪಸ್ ಹೋಗೋವರೆಗೆ.

ಚಾರ್ಜರ್ ಹೊರಗೆ ಇಟ್ಟಿದ್ದೇನೆ, ಬೇಕಾದರೆ ತಗೊಳ್ಳಲಿ.

4.50. ಟಿವಿ ಹಾಕಿದ ಸದ್ದು. ಮೆಟ್ಟಿಲ ಮೇಲೆ ಹೆಜ್ಜೆ, ಬಾಗಿಲವರೆಗೆ ಬಂದು ನಿಂತಿತು. ಒಳಗೆ ಬರಲಿಲ್ಲ.

"ಅಪ್ಪ... ಆಡಿಟ್ ಇದ್ಯಾ?"

ಕನ್ನಡದಲ್ಲಿ. ಬಾಜಿ ಕಟ್ಟುವಾಗ ಮಾತ್ರ ಆಡೋ ಕನ್ನಡ.

ಇಲ್ಲ ಕಣೇ, ಏನೂ ಇಲ್ಲ, ಬಂದೆ ಅಂ—