ನಿನ್ನ ಅಳತೆಯ ಅಂಗಿ

ತಂಗೀ,

ನೀನು ಫಿಟ್ಸ್ ಬಂದು ತೀರಿಕೊಂಡ ಮೇಲೆ ನನ್ನ ಎದೆ ಸುಮ್ಮಸುಮ್ಮನೆ ಡವಗುಟ್ಟತೊಡಗಿತು. ಗಾಬರಿ ತಗ್ಗಲೆಂದು ನಿನಗೆ ಕೊಡುತ್ತಿದ್ದ ಮಾತ್ರೆಯನ್ನೇ ಡಾಕ್ಟರು ನನಗೂ ಹದಿನೈದು ದಿನಕ್ಕೆಂದು ಬರೆದರು. ಅದೇ ಚೀಟಿ ತೋರಿಸಿ ಎಂಟು ತಿಂಗಳಿಂದ ನುಂಗುತ್ತಿದ್ದೇನೆ. ನುಂಗಿದರೆ ಅಂಗಡಿಯೆಲ್ಲ ನೀರೊಳಗೆ ಇದ್ದ ಹಾಗೆ. ಹೊಲಿಗೆ ಮಿಷನ್ನಿನ ಸದ್ದು ಆಚೆ ದಡದಿಂದ ಬರುತ್ತದೆ. ಆ ಮಂಪರಿನಲ್ಲಿ ನೀನು ಎದುರಿಗೆ ನಿಂತು ತೋಳು ಚಾಚುತ್ತೀಯ, ನಾನು ಟೇಪು ಹಿಡಿಯುತ್ತೇನೆ.

ಇವತ್ತು ಆಸ್ಪತ್ರೆಯ ನರ್ಸಮ್ಮ ಹೊಸ ಅಂಗಿ ತೊಟ್ಟು ನೋಡಲು ಬಂದರು. ದಪ್ಪ ಹೆಂಗಸು. ತೋಳು ಮೊಣಕೈ ದಾಟಲಿಲ್ಲ.

“ಏನ್ ಮಾಸ್ಟ್ರೇ, ಯಾವ ಕಡ್ಡಿಪೈಲ್ವಾನಿಗೆ ಹೊಲಿದ್ರಿ ಇದನ್ನ?”

ಪುಸ್ತಕದಲ್ಲಿ ಅವರ ಅಳತೆ ಸರಿಯಾಗಿಯೇ ಇತ್ತು. ನಾನು ಕತ್ತರಿಸಿದ್ದು ನಿನ್ನ ಅಳತೆಗೆ.

“ಕಣ್ಣು ಮಂಜು, ಅದಕ್ಕೇನೀಗ?” ಎಂದು ರೇಗಿದೆ. ಮಿಷನ್ನಿನ ಪಕ್ಕದಲ್ಲಿದ್ದ ಡಬ್ಬಿಯನ್ನು ನೋಡಿ ಅವರು ಮಾತ್ರೆಯ ವಿಷಯವನ್ನೆಲ್ಲ ಬಾಯಿಬಿಡಿಸಿದರು.

“ಸರಿ, ನಾಳೆಯಿಂದ ಒಂದೂ ನುಂಗಲ್ಲ. ಡಬ್ಬಿನೇ ಎಸೀತೀನಿ” ಎಂದೆ.

“ಅಯ್ಯೋ, ಹಂಗೆ ಮಾತ್ರ ಮಾಡ್ಬೇಡಿ! ಇಷ್ಟು ದಿನ ತಗೊಂಡು ಒಂದೇ ಸಲ ನಿಲ್ಸಿದ್ರೆ ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯ. ಡಾಕ್ಟ್ರು ಸ್ವಲ್ಪಸ್ವಲ್ಪವೇ ಇಳಿಸ್ತಾರೆ. ನಾಳೆ ಬನ್ನಿ.”

ನಾನು ಅಂಗಿಯ ತೋಳಿನ ಹೊಲಿಗೆ ಬಿಚ್ಚುತ್ತ ಕೇಳಿದೆ. “ಯಾರಾದ್ರೂ ಕಿತ್ಕೊಂಡು ಚರಂಡಿಗೆ ಸುರಿದ್ರೆ?”

“ಅಂಥ ಕಟುಕರು ಯಾರಿರ್ತಾರೆ ಮಾಸ್ಟ್ರೇ?” ಎಂದು ಅವರು ನಕ್ಕರು. ನಾನೂ ನಕ್ಕೆ.

ನಾಳೆ ಹೋಗುತ್ತೇನೆ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವನು, ನನಗೇನು ಗೊತ್ತಿತ್ತು ಎಂದು ಬರೆಯಲು ಕೂತೆ. ಆದರೆ ಚಟ ಬಿಡಿಸುತ್ತೇನೆಂದು ನಾನು ನಿನ್ನ ಮಾತ್ರೆಗಳನ್ನು ಕಿತ್ತುಕೊಂಡು ಚರಂಡಿಗೆ ಸುರಿಯುವಾಗ ನೀನು ನನ್ನ ಕೈ ಹಿಡಿದು, “ಅಣ್ಣಾ, ಒಂದಾದ್ರೂ ಉಳಿಸು” ಅಂದಿದ್ದೆ.